ಕಂಬಾರ: ಒಂದು ಅಡ್ಡಹೆಸರಿನ ಚರಿತ್ರೆ

ವಿನಾಯಕ ಕೃಷ್ಣ ಗೋಕಾಕರು ಹುಟ್ಟಿದ್ದು ಗೋಕಾಕದಲ್ಲಲ್ಲ, ಸವಣೂರಿನಲ್ಲಿ, ೧೯೦೯ರಲ್ಲಿ. ನೂರಾರು ಜನಪದ ಗೀತೆಗಳನ್ನು ಕಂಠದಲ್ಲಿಟ್ಟುಕೊಂಡು ನಾಡೆಲ್ಲ ಸುತ್ತಿದ ಹುಕ್ಕೇರಿ ಬಾಳಪ್ಪನವರು ಹುಕ್ಕೇರಿಯವರಲ್ಲ, ಸವದತ್ತಿ ತಾಲೂಕಿನ ಮುರಗೋಡದವರು. ಕೇಳಿದವರಿಗೆ ಇದು ಮೊದಲು ಸೋಜಿಗವೆನಿಸಬಹುದು. ತುಸು ವಿಚಾರ ಮಾಡಿದರೆ ಹೀಗಿರುವುದೇ ಸಹಜವೆಂದು ತಿಳಿದೀತು. ಗೋಕಾಕದಲ್ಲಿ ನಿಂತವನನ್ನು 'ಗೋಕಾಕದವ' ಎಂದು ಕರೆದು ಗುರುತಿಸುವ ಪ್ರಮೇಯ ಯಾರಿಗಿದೆ? ಅಲ್ಲಿ ಎಲ್ಲರೂ ಗೋಕಾಕದವರೇ. ಊರು ಬಿಟ್ಟು ಇನ್ನೊಂದು ಊರಿನ ಅಗಸಿ ದಾಟಿದಾಗಲೇ ಬಿಟ್ಟ ಊರಿನ ಹೆಸರು ಬೆನ್ನಿಗೆ ಹತ್ತುತ್ತದೆ. ಆದ್ದರಿಂದ ಊರಿನಿಂದ ಬಂದ ಅಡ್ಡಹೆಸರು ಮನುಷ್ಯ ಎಲ್ಲಿದ್ದಾನೆಂಬುದನ್ನು ಹೇಳುವುದಿಲ್ಲ; ಅವನ ಹಿರಿಯರು ಎಲ್ಲಿಂದ ಹೊರಟರೆಂಬುದನ್ನು ಹೇಳುತ್ತದೆ. ೧೯೮೨ರ ಭಾಷಾ ಚಳವಳಿಯಲ್ಲಿ ಗೋಕಾಕವೆಂಬ ಹೆಸರು ನಾಡಿನ ಮೂಲೆಮೂಲೆಗೆ ಮೊಳಗಿತಷ್ಟೆ. ಜಲಪಾತದಿಂದಲೂ ಕರದಂಟಿನಿಂದಲೂ ಆಗದಷ್ಟು ಪ್ರಚಾರ ಆ ಊರಿಗೆ ಒಂದು ಅಡ್ಡಹೆಸರಿನಿಂದ ಸಿಕ್ಕಿತು.

ಹಾಗಾದರೆ ಊರು ಬಿಡದೆ ಊರಿನಲ್ಲೇ ಉಳಿದವನಿಗೆ ಯಾವ ಅಡ್ಡಹೆಸರು? ಅವನ ಗುರುತು ಊರಿನೊಳಗೇ ಹುಟ್ಟಬೇಕು. ಘಟಪ್ರಭೆಯ ದಂಡೆಗುಂಟ ಹಬ್ಬಿದ ಗೋಕಾಕ, ಹುಕ್ಕೇರಿ, ಮತ್ತು ಬಹುಕಾಲ ಗೋಕಾಕ ತಾಲೂಕಿನೊಳಗೇ ಇದ್ದು ಈಚೆಗಷ್ಟೇ ಸ್ವತಂತ್ರ ತಾಲೂಕಾದ ಮೂಡಲಗಿ, ಈ ಸೀಮೆಯ ಹಳ್ಳಿಗಳಲ್ಲಿ ಮತದಾರರ ಪಟ್ಟಿಯನ್ನೋ ಸಾಲೆಯ ಹಾಜರಿ ಪುಸ್ತಕವನ್ನೋ ಓದಿದವರಿಗೆ ಅಂಥ ಹೆಸರುಗಳ ಒಂದು ಸಂತೆಯೇ ಎದುರಾಗುತ್ತದೆ. ಪಾಟೀಲ, ದೇಸಾಯಿ, ಕುಲಕರ್ಣಿ, ನಾಡಗೌಡ ಎಂಬ ಅಧಿಕಾರದ ಹೆಸರುಗಳು. ಹಿರೇಮಠ, ಹೊಸಮನಿ, ಕಟ್ಟೀಮನಿ ಎಂಬ ಮಠಮನೆಗಳ ಹೆಸರುಗಳು. ಬೆಲ್ಲದ, ಮೆಣಸಿನಕಾಯಿ, ಉಳ್ಳಾಗಡ್ಡಿ ಎಂಬ, ಓದುವಾಗಲೇ ಬಾಯಲ್ಲಿ ನೀರೋ ಕಣ್ಣಲ್ಲಿ ನೀರೋ ತರಿಸುವ ಹೆಸರುಗಳು. ಇವುಗಳ ನಡುವೆ ಈ ಭಾಗಕ್ಕೆ ವಿಶೇಷವಾದದ್ದು 'ಗೋಳ' ಎಂಬ ಬಾಲ: ಕೆಂಪಣ್ಣಗೋಳ, ಸಿದ್ದಪ್ಪಗೋಳ. ಇದು ಬೇರೆ ಏನೂ ಅಲ್ಲ, ನಮ್ಮ 'ಗಳು' ಪ್ರತ್ಯಯವೇ. ಕೆಂಪಣ್ಣನೆಂಬ ಹಿರಿಯನೊಬ್ಬನಿದ್ದ, ಅವನ ಮಕ್ಕಳು ಮೊಮ್ಮಕ್ಕಳೆಲ್ಲ ಕೆಂಪಣ್ಣಗೋಳು. ದಕ್ಷಿಣಕ್ಕೆ ಧಾರವಾಡದ ಕಡೆಗೆ ಇಳಿದರೆ ಇದೇ ಕೆಲಸವನ್ನು 'ನವರ' ಎಂಬುದು ಮಾಡುತ್ತದೆ.

ಈ ಸಂತೆಯಲ್ಲಿ ನಾನು ಆರಿಸಿಕೊಂಡಿರುವುದು ಒಂದೇ ಹೆಸರನ್ನು: ಕಂಬಾರ. ಘಟಪ್ರಭೆಯ ಸೀಮೆಯಲ್ಲಿ ಬಳಕೆಯಲ್ಲಿರುವ ಅಡ್ಡಹೆಸರುಗಳಲ್ಲಿ ಇದರಷ್ಟು ಹಳೆಯ ಶಬ್ದ ಇನ್ನೊಂದಿರುವುದು ಅಪರೂಪ. ಇದರಷ್ಟು ಕಡಿಮೆ ಕಾಗದಪತ್ರಗಳನ್ನು ಉಳಿಸಿಕೊಂಡ ಮನೆತನಗಳೂ ಅಪರೂಪವೇ.

ಶಬ್ದದ ಮೂಲ ಋಗ್ವೇದದಷ್ಟು ಹಿಂದಕ್ಕೆ ಹೋಗುತ್ತದೆ. ಅದರ ಹತ್ತನೆಯ ಮಂಡಲದಲ್ಲಿ ದೇವತೆಗಳ ಹುಟ್ಟನ್ನು ವರ್ಣಿಸುವ ಸೂಕ್ತವೊಂದಿದೆ. ಬ್ರಹ್ಮಣಸ್ಪತಿಯು ಸೃಷ್ಟಿಯನ್ನು ಮಾಡಿದ ಬಗೆಗೆ ಅಲ್ಲಿ ಕೊಟ್ಟ ಹೋಲಿಕೆ, ಕುಲುಮೆಯಲ್ಲಿ ಗಾಳಿ ಊದಿ ಲೋಹ ಕಾಸುವ 'ಕರ್ಮಾರ'ನದು. ಕರ್ಮಾರನೆಂದರೆ ಲೋಹದ ಕೆಲಸಗಾರ. ಈ ಶಬ್ದ ಪಾಳಿ ಭಾಷೆಯಲ್ಲಿ 'ಕಮ್ಮಾರ' ಎಂದಾಯಿತು. ಬೌದ್ಧ ಗ್ರಂಥಗಳಲ್ಲಿ ಪಾವಾ ಎಂಬ ಊರಿನ ಚುಂದನ ಪ್ರಸಂಗ ಬಲ್ಲವರಿಗೆ ಗೊತ್ತು. ಬುದ್ಧನಿಗೆ ಕೊನೆಯ ಊಟ ಬಡಿಸಿದವನು ಇವನೇ. ಗ್ರಂಥಗಳು ಅವನನ್ನು ಬರೀ ಚುಂದ ಎನ್ನುವುದಿಲ್ಲ. ಚುಂದ ಕಮ್ಮಾರಪುತ್ತ, ಕಮ್ಮಾರನ ಮಗ ಚುಂದ, ಎನ್ನುತ್ತವೆ. ತಂದೆಯ ಕಸುಬಿನಿಂದ ಮಗನ ಗುರುತು. ಅಡ್ಡಹೆಸರೆಂಬುದರ ಬೀಜ ಇದೇ.

ಕನ್ನಡಕ್ಕೆ ಬಂದದ್ದೂ ಈ ಕಮ್ಮಾರನೇ. ತೆಲುಗರಲ್ಲಿ ಕಮ್ಮರಿ, ತಮಿಳರಲ್ಲಿ ಕಮ್ಮಾಳರು ಇದ್ದಾರೆ. ಹನ್ನೆರಡನೆಯ ಶತಮಾನದಲ್ಲಿ ಬಸವಣ್ಣನವರು ಒಂದು ವಚನದಲ್ಲಿ ಕಮ್ಮಾರ, ಮಡಿವಾಳ ಮೊದಲಾದ ಹೆಸರುಗಳನ್ನು ಸಾಲಾಗಿ ಎತ್ತಿ, ಇವೆಲ್ಲ ಮಾಡುವ ಕೆಲಸದಿಂದ ಬಂದವೇ ಹೊರತು ಹುಟ್ಟಿನಿಂದ ಬಂದವಲ್ಲ ಎಂದು ಹೇಳಿದರು. ಕಬ್ಬಿಣ ಕಾಸಿದ್ದರಿಂದ ಅವನು ಕಮ್ಮಾರನಾದ. ಕಾಸುವುದನ್ನು ಬಿಟ್ಟರೆ ಕಮ್ಮಾರನಾಗಿ ಉಳಿಯಬೇಕಾದ ಕಾರಣವಿಲ್ಲ ಎಂಬ ಇಂಗಿತ ಅದರಲ್ಲಿದೆ. ಎಂಟುನೂರು ವರ್ಷಗಳ ತರುವಾಯವೂ ಈ ಮಾತು ಪೂರ್ತಿ ಇತ್ಯರ್ಥವಾಗಿಲ್ಲವೆಂಬುದನ್ನು ಮುಂದೆ ನೋಡೋಣ.

ಕಮ್ಮಾರ ಕಂಬಾರನಾದದ್ದು ಹೇಗೆ? ತುಟಿ ಮುಚ್ಚಿ ಮಕಾರ ಹೇಳಿ ಬಾಯಿ ತೆರೆಯುವಾಗ ಬಕಾರವೊಂದು ತಾನಾಗಿಯೇ ಹೊರಬೀಳುವುದುಂಟು. ಸಂಸ್ಕೃತದ ಆಮ್ರ ಪಾಳಿಯಲ್ಲಿ ಅಂಬವಾಯಿತು. ತಾಮ್ರವನ್ನು ನಮ್ಮ ಹಳ್ಳಿಗರು ತಾಂಬ್ರವೆನ್ನುತ್ತಾರೆ. ಇದರ ಜೊತೆಗೆ ನೆರೆಮನೆಯ ಪ್ರಭಾವವೂ ಇದ್ದೀತೆಂದು ನನಗೆ ತೋರುತ್ತದೆ. ಕುಂಭಕಾರನಿಂದ ಬಂದ ಕುಂಬಾರ ಅದೇ ಓಣಿಯ ಆಚೆ ಮಗ್ಗುಲಿನವನು. ಆಯ ಎಣಿಸುವಾಗ ಇಬ್ಬರ ಹೆಸರನ್ನೂ ಒಂದೇ ಉಸಿರಿನಲ್ಲಿ ಹೇಳುವ ರೂಢಿ. ಕುಂಬಾರನ ಪಕ್ಕದಲ್ಲಿ ನಿಂತು ನಿಂತು ಕಮ್ಮಾರ ಕಂಬಾರನಾಗಿರಬೇಕು. ಹಳೆಯ ಮೈಸೂರಿನಲ್ಲಿ ಇಂದಿಗೂ ಕಮ್ಮಾರನೇ ಉಳಿದಿದ್ದಾನೆ.

ಇನ್ನು ಕಸುಬಿನ ಮಾತು. ಲೋಕದಲ್ಲೆಲ್ಲ ಕಬ್ಬಿಣದ ಕೆಲಸಗಾರನ ಹೆಸರು ಅಡ್ಡಹೆಸರಾಗಿ ಹಬ್ಬಿರುವಷ್ಟು ಮತ್ತೊಂದು ಕಸುಬಿನ ಹೆಸರು ಹಬ್ಬಿದ್ದು ವಿರಳ. ಇಂಗ್ಲಿಷರ ಸ್ಮಿತ್, ಜರ್ಮನರ ಶ್ಮಿಟ್, ಫ್ರೆಂಚರ ಲಫೆವ್ರ್, ಇಟಲಿಯ ಫೆರಾರಿ, ಹಂಗೆರಿಯ ಕೊವಾಚ್, ರಷ್ಯದ ಕುಜ್ನೆತ್ಸೊವ್, ಅರಬರ ಹದ್ದಾದ್, ಎಲ್ಲರೂ ನಮ್ಮ ಕಂಬಾರರೇ. ಕೆಲವರು ಇದಕ್ಕೆ ಆ ಕಾಲದಲ್ಲಿ ಕಂಬಾರರು ಬಹಳ ಜನರಿದ್ದರೆಂದು ಕಾರಣ ಕೊಡುತ್ತಾರೆ. ನನ್ನ ಲೆಕ್ಕದಲ್ಲಿ ಕಾರಣ ಇದಕ್ಕೆ ತೀರ ವಿರುದ್ಧವಾದದ್ದು. ಊರಿನಲ್ಲಿ ಒಕ್ಕಲಿಗರು ನೂರು ಮನೆ. 'ಒಕ್ಕಲಿಗ ಬಸಪ್ಪ' ಎಂದರೆ ಯಾವ ಬಸಪ್ಪನೆಂದು ತಿಳಿಯುವುದಿಲ್ಲ. ಕಂಬಾರನ ಮನೆಯೋ ಊರಿಗೊಂದು, ಹೆಚ್ಚೆಂದರೆ ಎರಡು. 'ಕಂಬಾರ ಬಸಪ್ಪ' ಎಂದೊಡನೆ ಮಗುವೂ ಕುಲುಮೆಯ ಕಡೆಗೆ ಬೆರಳು ತೋರಿಸುತ್ತದೆ. ಹೆಸರಿನ ಉಪಯೋಗವೇ ಒಬ್ಬನನ್ನು ಉಳಿದವರಿಂದ ಬೇರೆ ಮಾಡುವುದಲ್ಲವೆ? ಪ್ರತಿ ಊರಿಗೂ ಬೇಕಾದವನು, ಆದರೆ ಪ್ರತಿ ಊರಿನಲ್ಲೂ ಒಬ್ಬನೇ ಇದ್ದವನು ಕಂಬಾರ. ಆದ್ದರಿಂದಲೇ ಅವನ ಹೆಸರು ಅಳಿಯದೆ ನಿಂತಿತು.

ಆ ಕುಲುಮೆಯನ್ನು ನೋಡಿದ ಹಿರಿಯರು ಇನ್ನೂ ನಮ್ಮೊಂದಿಗಿದ್ದಾರೆ. ನೆಲದಲ್ಲಿ ಅರ್ಧ ಹೂತ ಅಡಿಗಲ್ಲು, ಇಕ್ಕಳ, ಸುತ್ತಿಗೆ, ಚಮ್ಮಟಿಗೆ, ನೀರಿನ ದೋಣಿ, ತೊಗಲಿನ ತಿದಿ. ಮಳೆಗಾಲದ ಮೊದಲು ಊರ ನೇಗಿಲ ಕುಳಗಳೆಲ್ಲ ಇಲ್ಲಿಗೆ ಬಂದು ಬೀಳುತ್ತಿದ್ದವು. ಕಾಸಿ ಹಣಿದು ಮೊನೆ ಮಾಡಿಸಿಕೊಳ್ಳದೆ ಯಾವ ರೈತನೂ ಹೊಲಕ್ಕೆ ಕಾಲಿಡುವಂತಿರಲಿಲ್ಲ. ಕುಂಟೆಯ ಕುಡ, ಕುಡುಗೋಲು, ಗುದ್ದಲಿ, ಸಲಿಕೆ, ಬಾಗಿಲ ಚಿಲಕ ಅಗುಳಿ, ಬಾವಿಯ ರಾಟೆಯ ಅಚ್ಚು ಎಲ್ಲವೂ ಅವನ ಕೈಯವೇ. ಬಂಡಿಯ ಗಾಲಿಗೆ ಕಬ್ಬಿಣದ ಹಳಿ ಏರಿಸುವ ದಿನವಂತೂ ಓಣಿಗೆಲ್ಲ ಹಬ್ಬ. ಬಡಿಗ ಮಾಡಿದ ಗಾಲಿ ನೆಲದ ಮೇಲೆ; ಸುತ್ತ ಬೆರಣಿಯ ಬೆಂಕಿಯಲ್ಲಿ ಕೆಂಪಗೆ ಕಾದ ಹಳಿ. ನಾಲ್ಕು ಜನ ಅದನ್ನು ಇಕ್ಕಳದಲ್ಲಿ ಎತ್ತಿ ಕೂಡಿಸಿ ನೀರು ಸುರಿದೊಡನೆ ಚುಂಯ್ ಎಂದು ಹೊಗೆಯೆದ್ದು ಕಬ್ಬಿಣ ಬಿಗಿದುಕೊಳ್ಳುತ್ತಿತ್ತು.

ಇಷ್ಟಕ್ಕೆ ಅವನಿಗೆ ರೊಕ್ಕ ಸಿಕ್ಕುತ್ತಿರಲಿಲ್ಲ, ಕಾಳು ಸಿಕ್ಕುತ್ತಿತ್ತು. ಸುಗ್ಗಿಯಲ್ಲಿ ಕಣದ ರಾಶಿಯ ಬಳಿ ನಿಂತು ಆಯ ತೆಗೆದುಕೊಳ್ಳುವ ಹಕ್ಕು ಅವನದು. ಬಡಿಗ, ಕುಂಬಾರ, ಅಗಸ, ಹಡಪದ, ಮಾದರ ಮೊದಲಾದವರೊಡನೆ ಅವನೂ ಒಬ್ಬ ಆಯಗಾರ. ಮರಾಠಿ ದಫ್ತರಗಳು ಇವರನ್ನು ಬಾರಾ ಬಲುತೆದಾರರೆಂದು ಕರೆದವು. ಇಲ್ಲಿ ಒಂದು ಸೂಕ್ಷ್ಮವಿದೆ. 'ಕಂಬಾರ' ಎಂದು ಕರೆಯಿಸಿಕೊಳ್ಳುವುದು ಬರೀ ಕಸುಬಿನ ವರ್ಣನೆಯಾಗಿರಲಿಲ್ಲ, ಅದೊಂದು ಹಕ್ಕಿನ ಹೆಸರಾಗಿತ್ತು. ಈ ಊರಿನ ಕಣಕ್ಕೆ ಈ ಮನೆಯವರೇ ಕಂಬಾರರು, ಇನ್ನೊಬ್ಬರು ಬಂದು ಕುಲುಮೆ ಹೂಡುವಂತಿಲ್ಲ ಎಂಬ ಅರ್ಥ ಅದರಲ್ಲಿತ್ತು. ಅದೇ ಹೊತ್ತಿಗೆ ಅದು ಕಟ್ಟೂ ಆಗಿತ್ತು. ಕಂಬಾರನ ಮಗ ಬೇರೇನೂ ಆಗುವಂತಿರಲಿಲ್ಲ.

ತಿದಿ ಒತ್ತುತ್ತಿದ್ದವಳು ಬಹುತೇಕ ಮನೆಯ ಹೆಣ್ಣುಮಗಳು. ಚಮ್ಮಟಿಗೆ ಎತ್ತಿದವರೂ ಉಂಟು. ಅವಳಿಗೆ ಆಡುಮಾತಿನಲ್ಲಿ ಕಂಬಾರಗಿತ್ತಿ ಎಂಬ ಸ್ವಂತ ಹೆಸರಿತ್ತು. ಕಾಗದಕ್ಕೆ ಏರುವಾಗ ಆ 'ಗಿತ್ತಿ' ಬಿದ್ದುಹೋಗಿ ಅವಳೂ ಕಂಬಾರಳಾಗದೆ ಬರಿ 'ಕಂಬಾರ' ಆದಳು.

ಈ ಕಾಗದಕ್ಕೆ ಏರಿದ ಕಥೆಯೇ ಅಡ್ಡಹೆಸರಿನ ನಿಜವಾದ ಚರಿತ್ರೆ. ಅದಕ್ಕೂ ಮೊದಲು ಜನರ ಬಾಯಲ್ಲಿ ಗುರುತು ಹೆಸರಿನ ಮುಂದೆ ಬರುತ್ತಿತ್ತು. ಶ್ರೀಕೃಷ್ಣ ಪಾರಿಜಾತದ ಆಟವನ್ನು ಬಲ್ಲವರು ಕುಲಗೋಡ ತಮ್ಮಣ್ಣ ಎಂದರು, ಕೌಜಲಗಿ ನಿಂಗಮ್ಮ ಎಂದರು. ೧೯೦೦ರಲ್ಲಿ ಗೋಕಾಕ ತಾಲೂಕಿನ ಬೆಟಗೇರಿಯಲ್ಲಿ ಹುಟ್ಟಿದ ಆನಂದಕಂದರು ಕೊನೆಯವರೆಗೆ ಬೆಟಗೇರಿ ಕೃಷ್ಣಶರ್ಮರಾಗಿಯೇ ಉಳಿದರು. ಬಾಳಪ್ಪನವರು ಹುಕ್ಕೇರಿ ಬಾಳಪ್ಪನವರೇ. ಜನಪದದ ಕ್ರಮ ಇದು: ಮೊದಲು ಗುರುತು, ಆಮೇಲೆ ಹೆಸರು. ಸರಕಾರದ ಕ್ರಮ ಇದಕ್ಕೆ ತಿರುವುಮುರುವು: ವಿನಾಯಕ ಕೃಷ್ಣ ಗೋಕಾಕ. ಮೊದಲು ಸ್ವಂತ ಹೆಸರು, ನಡುವೆ ತಂದೆ, ಕೊನೆಗೆ ಅಡ್ಡಹೆಸರು. ಒಬ್ಬನ ಹೆಸರಿನಲ್ಲಿ ಊರು ಎಲ್ಲಿ ಕುಳಿತಿದೆಯೆಂಬುದನ್ನು ನೋಡಿದರೆ ಅವನನ್ನು ಜನ ಕರೆದರೋ ಕಚೇರಿ ಕರೆಯಿತೋ ಎಂಬುದು ತಿಳಿಯುತ್ತದೆ.

೧೮೧೮ರಲ್ಲಿ ಪೇಶ್ವೆಯರ ಆಡಳಿತ ಮುಗಿದು ಈ ಭಾಗ ಕ್ರಮೇಣ ಮುಂಬಯಿ ಇಲಾಖೆಗೆ ಸೇರಿತು. ವಿಂಗೇಟ್ ಮೊದಲಾದ ಅಧಿಕಾರಿಗಳು ಮುಂಬಯಿ ಪದ್ಧತಿಯ ಭೂಮಾಪನವನ್ನು ಈ ಕಡೆಗೂ ತಂದರು. ಈ ಪದ್ಧತಿಯಲ್ಲಿ ಕಂದಾಯಕ್ಕೆ ಇಡೀ ಊರು ಒಟ್ಟಾಗಿ ಹೊಣೆಯಲ್ಲ. ಒಂದೊಂದು ಹೊಲಕ್ಕೂ ಒಂದು ನಂಬರು, ಒಂದೊಂದು ನಂಬರಿಗೂ ಒಬ್ಬ ಖಾತೆದಾರ. ಖಾತೆದಾರನಿಗೆ ಹೆಸರು ಬೇಕು. ಬರೀ ಬಸಪ್ಪನೆಂದರೆ ಸಾಲದು. ಕುಲಕರ್ಣಿ ಬೋರು ಹಿಡಿದು ಕೇಳಿದ್ದಕ್ಕೆ ಊರವರು ಕೊಟ್ಟ ಗುರುತು ಅಲ್ಲಿ ಅಡ್ಡಹೆಸರಾಗಿ ಕುಳಿತಿತು. ಮುಂದೆ ಸಾಲೆಗಳು ಬಂದವು. ಬೆಳಗಾವಿ ಜಿಲ್ಲೆಯಲ್ಲಿ ಮೊದಲು ಮರಾಠಿಯದೇ ಪ್ರಾಬಲ್ಯ. ಡೆಪ್ಯುಟಿ ಚನ್ನಬಸಪ್ಪನವರಂಥವರು ಹೆಣಗಾಡಿ ಕನ್ನಡ ಸಾಲೆಗಳನ್ನು ತೆರೆಸಿದ ಮೇಲೆ ಹಾಜರಿ ಪುಸ್ತಕ ಕನ್ನಡದಲ್ಲಿ ಬಂದರೂ ಅದರ ಮಾದರಿ ಮಾತ್ರ ಮರಾಠಿಯದಾಗಿಯೇ ಉಳಿಯಿತು. ಮಗನನ್ನು ಸಾಲೆಗೆ ಹೆಸರು ಹಚ್ಚುವಾಗ ಮಾಸ್ತರರು 'ಯಾರ ಮನಿಯಂವ?' ಎಂದು ಕೇಳಬೇಕು. 'ಬಡಿಗೇರ ಮನಿಯಂವರಿ', 'ಗಾಣಿಗೇರ ಮನಿಯಂವರಿ'. 'ಮನಿ' ಎಂಬುದು ಬಿಟ್ಟುಹೋಗಿ ಷಷ್ಠೀ ವಿಭಕ್ತಿಯೊಂದೇ ಪುಸ್ತಕಕ್ಕೆ ಏರಿತು. ಬಡಿಗೇರ, ಗಾಣಿಗೇರ, ಗೌಡರ, ಶೆಟ್ಟರ ಎಂದು ರಕಾರಾಂತವಾಗಿ ನಿಂತ ನಮ್ಮ ಅಡ್ಡಹೆಸರುಗಳೆಲ್ಲ ತುಂಡಾದ ವಾಕ್ಯಗಳು. ಯಾರೋ ಕೇಳಿದ ಪ್ರಶ್ನೆಗೆ ಯಾರೋ ಕೊಟ್ಟ ಅರ್ಧ ಉತ್ತರಗಳು.

ಹಳೆಯ ಮೈಸೂರಿನ ವಾಚಕರಿಗೆ ಇದು ಹೊಸದೆನಿಸಬಹುದು. ಅಲ್ಲಿ ಕುಪ್ಪಳಿ ವೆಂಕಟಪ್ಪ ಪುಟ್ಟಪ್ಪ ಎಂಬಲ್ಲಿ ಊರೂ ತಂದೆಯೂ ಎರಡು ಅಕ್ಷರಗಳಾಗಿ ಸಣ್ಣಗಾಗಿ ಮುಂದೆ ನಿಂತವು. ಕಸುಬು ಹೆಸರಿನೊಳಕ್ಕೆ ಬರಲೇ ಇಲ್ಲ. ೧೯೫೬ರ ನವೆಂಬರ್ ೧ರಂದು ಎರಡೂ ಭಾಗಗಳು ಒಂದು ರಾಜ್ಯವಾದಾಗ ಬೆಂಗಳೂರಿನ ಕಚೇರಿಗಳಲ್ಲಿ ಒಂದೇ ಮೇಜಿನ ಆಚೀಚೆ ಈ ಎರಡು ನಾಮಪದ್ಧತಿಗಳು ಮುಖಾಮುಖಿಯಾದವು. ಒಂದರಲ್ಲಿ ಅಡ್ಡಹೆಸರಿನ ಅಂಕಣಕ್ಕೆ ತುಂಬಲು ಏನೂ ಇಲ್ಲ. ಇನ್ನೊಂದರಲ್ಲಿ ಆ ಅಂಕಣ ತುಂಬಿದೊಡನೆ ಮನುಷ್ಯನ ಜಾತಿ, ಅಜ್ಜನ ಕಸುಬು, ಊರಿನಲ್ಲಿ ಅವನ ಮನೆಯಿದ್ದ ಓಣಿ ಎಲ್ಲವೂ ಎದುರಿನವನಿಗೆ ಗೊತ್ತು.

ಹೆಸರನ್ನು ಬರೆದುಕೊಳ್ಳುವವನು ಹೆಸರನ್ನು ಬದಲಿಸಲೂ ಬಲ್ಲ. ಇದಕ್ಕೆ ನಿದರ್ಶನ ಬೇಕಾದರೆ ನಮ್ಮಂತೆಯೇ ಇಂಗ್ಲಿಷರ ಕೈಕೆಳಗೆ, ನಮಗಿಂತ ಬಹಳ ಹೆಚ್ಚು ಕಾಲ ಇದ್ದ ಆಯರ್ಲೆಂಡನ್ನು ನೋಡಬೇಕು. ಯುರೋಪಿನಲ್ಲಿ ವಂಶಪಾರಂಪರ್ಯದ ಅಡ್ಡಹೆಸರುಗಳು ಬಹು ಬೇಗ, ಹತ್ತು ಹನ್ನೊಂದನೆಯ ಶತಮಾನಗಳಲ್ಲೇ, ನೆಲೆಗೊಂಡ ದೇಶಗಳಲ್ಲಿ ಅದು ಒಂದು. ಅವರಲ್ಲಿ 'ಓ' ಎಂದರೆ ಮೊಮ್ಮಗ, 'ಮ್ಯಾಕ್' ಎಂದರೆ ಮಗ. ಓ'ಬ್ರಯನ್ ಎಂಬುದು ನಮ್ಮ ಕೆಂಪಣ್ಣಗೋಳನ ಜಾತಿಯ ಹೆಸರು. ಅವರ ಭಾಷೆಯಲ್ಲಿ ಕಂಬಾರನಿಗೆ 'ಗೌ' ಎಂಬಂತೆ ಉಚ್ಚರಿಸುವ ಒಂದು ಶಬ್ದವಿದೆ. ಕಂಬಾರನ ಮಗ ಮ್ಯಾಕ್‌ಗೌವನ್. ಪಾಳಿಯ 'ಕಮ್ಮಾರಪುತ್ತ' ಎಂಬುದನ್ನು ಐರಿಷ್ ಭಾಷೆಗೆ ಪರಿವರ್ತಿಸಿದರೆ ಸಿಕ್ಕುವುದು ಇದೇ ಹೆಸರು. ಇನ್ನೊಂದು ಚೆಲುವಾದ ಸಂಗತಿ: ಅವರು ಮಗಳಿಗೆ ಮ್ಯಾಕ್ ಎನ್ನುವುದಿಲ್ಲ, 'ನಿಕ್' ಎಂದು ಬೇರೆಯೇ ಗುರುತು ಕೊಡುತ್ತಾರೆ. ನಮ್ಮ ಕಚೇರಿ ಕಂಬಾರಗಿತ್ತಿಗೆ ಆ ಮರ್ಯಾದೆಯನ್ನು ತೋರಲಿಲ್ಲ.

೧೪೬೫ರಲ್ಲಿ, ನಾಲ್ಕನೆಯ ಎಡ್ವರ್ಡನ ಕಾಲದಲ್ಲಿ, ಅಲ್ಲಿ ಒಂದು ಶಾಸನವಾಯಿತು. ಡಬ್ಲಿನ್, ಮೀತ್, ಲೌತ್, ಕಿಲ್ಡೇರ್ ಸೀಮೆಗಳಲ್ಲಿ ಇಂಗ್ಲಿಷರ ನಡುವೆ ವಾಸಿಸುವ ಐರಿಷನು ತನ್ನ ಹೆಸರು ಬಿಟ್ಟು ಇಂ‌ಗ್ಲಿಷ್ ಅಡ್ಡಹೆಸರನ್ನು ಇಟ್ಟುಕೊಳ್ಳಬೇಕು. ಅದು ಒಂದು ಊರಿನದಾಗಿರಲಿ, ಬಿಳಿದು ಕರಿದು ಕಂದು ಎಂಬ ಬಣ್ಣದ್ದಾಗಿರಲಿ, ಕಂಬಾರ ಬಡಿಗ ಎಂಬ ಕಸುಬಿನದಾಗಿರಲಿ, ಅಡಿಗೆಯವ ಬಟ್ಲರ್ ಎಂಬ ಹುದ್ದೆಯದಾಗಿರಲಿ ಎಂದು ಅದರ ಆಜ್ಞೆ. ಊರು, ಬಣ್ಣ, ಕಸುಬು, ಹುದ್ದೆ! ಗೋಕಾಕದ ಹಾಜರಿ ಪುಸ್ತಕವನ್ನು ವಿಂಗಡಿಸಲು ಕುಳಿತವನು ಬರೆದುಕೊಳ್ಳುವ ಶೀರ್ಷಿಕೆಗಳೂ ಹೆಚ್ಚುಕಡಿಮೆ ಇವೇ. ಅಲ್ಲಿ ರಾಜಾಜ್ಞೆಯಿಂದ ಹೇರಿದ್ದು ಇಲ್ಲಿ ಊರ ಬಾಯಲ್ಲಿ ತಾನಾಗಿ ಬೆಳೆದಿತ್ತು.

ಶಾಸನ ಒಂದೇ ದಿನಕ್ಕೆ ಫಲಿಸಲಿಲ್ಲ. ಆದರೆ ಮುಂದಿನ ಶತಮಾನಗಳಲ್ಲಿ ಕಚೇರಿ, ಕೋರ್ಟು, ಸಾಲೆಗಳು ಅದರ ಕೆಲಸವನ್ನು ಮುಗಿಸಿದವು. ಕ್ಯಾವನ್ ಸೀಮೆಯ ಮ್ಯಾಕ್‌ಗೌವನರು ಬಹುಮಟ್ಟಿಗೆ ಸ್ಮಿತ್‌ಗಳಾದರು. ಅರ್ಥ ಅದೇ, ಭಾಷೆ ಮಾತ್ರ ಆಳುವವರದು. ಲೀಟ್ರಿಮ್, ಡಾನೆಗಾಲದ ಕಡೆಗೆ ಮಾತ್ರ ಹಳೆಯ ಹೆಸರು ಉಳಿದುಕೊಂಡಿತು. ೧೮೯೨ರಲ್ಲಿ ಡಗ್ಲಸ್ ಹೈಡ್ ಎಂಬ ವಿದ್ವಾಂಸ, ಮುಂದೆ ಸ್ವತಂತ್ರ ಐರ್ಲೆಂಡಿನ ಮೊದಲ ರಾಷ್ಟ್ರಾಧ್ಯಕ್ಷನಾದವನು, ತನ್ನ ಪ್ರಸಿದ್ಧ ಭಾಷಣವೊಂದರಲ್ಲಿ ಈ ನಾಮಾಂತರವನ್ನು ಕಟುವಾಗಿ ಖಂಡಿಸಿದ. ಹೆಸರನ್ನು ಅನುವಾದ ಮಾಡಿಕೊಂಡವನು ತನ್ನ ಹಿರಿಯರಿಗೆ ತಾನೇ ಅಪರಿಚಿತನಾಗುತ್ತಾನೆಂಬುದು ಅವನ ಸಂಕಟ. ಆ ಬಳಿಕ ಎಷ್ಟೋ ಜನ 'ಓ' 'ಮ್ಯಾಕ್'ಗಳನ್ನು ಮರಳಿ ಅಂಟಿಸಿಕೊಂಡರು. ಸ್ಮಿತ್ ಆದವರು ಹಾಗೆ ಮರಳುವುದು ಸುಲಭವಿರಲಿಲ್ಲ. ಇಂಗ್ಲೆಂಡಿನಿಂದ ಬಂದ ಸ್ಮಿತ್ ಯಾರು, ಮ್ಯಾಕ್‌ಗೌವನ್ ಆಗಿದ್ದ ಸ್ಮಿತ್ ಯಾರು ಎಂದು ಈಗ ಹೆಸರನ್ನು ನೋಡಿ ಹೇಳಲಾಗದು.

ನಮ್ಮ ಕಂಬಾರ ಇಂಗ್ಲಿಷರ ಕೈಯಲ್ಲಿ ಸ್ಮಿತ್ ಆಗಲಿಲ್ಲ, ನಿಜ. ಆದರೆ ಭಾಷಾಂತರದಿಂದ ಪೂರಾ ತಪ್ಪಿಸಿಕೊಂಡನೆಂದೂ ಹೇಳುವಂತಿಲ್ಲ. ದಫ್ತರದ ಭಾಷೆ ಮರಾಠಿಯಾಗಿದ್ದ ಕಾಲದ ಗುರುತು ಇಂದಿಗೂ ಬೆಳಗಾವಿ ಜಿಲ್ಲೆಯಲ್ಲಿ ಕಾಣಸಿಗುತ್ತದೆ. ಕಂಬಾರನ ಪಕ್ಕದಲ್ಲಿ ಲೋಹಾರ, ಬಡಿಗೇರನ ಪಕ್ಕದಲ್ಲಿ ಸುತಾರ. ಕೆಲಸ ಒಂದೇ, ಅಡಿಗಲ್ಲು ಒಂದೇ, ಬರೆದವನ ಭಾಷೆ ಬೇರೆ. ಇಂದು ಗಡಿಯ ವಾದದಲ್ಲಿ ಅಡ್ಡಹೆಸರುಗಳನ್ನು ಎಣಿಸಿ ಇಂಥವರು ಕನ್ನಡಿಗರು, ಇಂಥವರು ಮರಾಠಿಗರು ಎಂದು ಲೆಕ್ಕ ಹಾಕುವವರಿದ್ದಾರೆ. ಕ್ಯಾವನ್ ಸೀಮೆಯ ಸ್ಮಿತ್‌ನನ್ನು ಇಂಗ್ಲಿಷನೆಂದು ಎಣಿಸಿದ ಹಾಗೆಯೇ ಇದು.

ಹೆಸರು ಹೀಗೆ ಕಾಗದದಲ್ಲಿ ಗಟ್ಟಿಯಾಗುತ್ತಿದ್ದ ಹೊತ್ತಿನಲ್ಲೇ ಕಸುಬು ಕೈಬಿಡಲು ಆರಂಭಿಸಿತ್ತೆಂಬುದು ಈ ಚರಿತ್ರೆಯ ವಿಚಿತ್ರ. ಅದಕ್ಕೆ ಕಾರಣರಾದವರಲ್ಲಿ ಒಬ್ಬರ ಅಡ್ಡಹೆಸರೂ ನಮ್ಮ ಪ್ರಕರಣಕ್ಕೆ ಒದಗಿಬರುತ್ತದೆ. ಕೊಂಕಣದ ಕಿರ್ಲೋಸವೆಂಬ ಊರಿನಿಂದ ಹೆಸರು ಪಡೆದ ಕಿರ್ಲೋಸ್ಕರ ಮನೆತನದ ಲಕ್ಷ್ಮಣರಾಯರು ೧೮೬೯ರಲ್ಲಿ ಹುಟ್ಟಿದ್ದು ಇದೇ ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ. ಮರಾಠಿ ಸಂಗೀತ ನಾಟಕದ ಅಣ್ಣಾಸಾಹೇಬ ಕಿರ್ಲೋಸ್ಕರರೂ ಆ ಊರಿನವರೇ. ಲಕ್ಷ್ಮಣರಾಯರು ಬೆಳಗಾವಿಯಲ್ಲಿ ಸೈಕಲ್ ಅಂಗಡಿಯಿಂದ ಆರಂಭಿಸಿ ೧೯೦೩ರ ಹೊತ್ತಿಗೆ ಕಬ್ಬಿಣದ ನೇಗಿಲನ್ನು ಎರಕ ಹೊಯ್ದರು. ಕಬ್ಬಿಣದ ನೇಗಿಲು ಭೂಮಿಗೆ ವಿಷವೆಂದು ರೈತರು ಹೆದರಿ, ಮೊದಲ ನೇಗಿಲು ಮಾರಾಟವಾಗಲು ಎರಡು ವರ್ಷ ಹಿಡಿಯಿತೆಂದು ಹೇಳುತ್ತಾರೆ. ಆದರೆ ಹೆದರಿಕೆ ಕಳೆದ ಮೇಲೆ ಆ ನೇಗಿಲು ಹಳ್ಳಿಹಳ್ಳಿಗೂ ಹೋಯಿತು. ಅದರ ಬಿಡಿಭಾಗ ಅಂಗಡಿಯಲ್ಲಿ ಸಿಕ್ಕುತ್ತಿತ್ತು. ಕಣದ ಆಯಕ್ಕೆ ಅಲ್ಲಿ ಜಾಗವಿರಲಿಲ್ಲ, ರೊಕ್ಕವೇ ಬೇಕು. ಒಂದು ಅಡ್ಡಹೆಸರು ಕಾರಖಾನೆಯ ಮುದ್ರೆಯಾಗಿ ಹೊಲಕ್ಕಿಳಿದಾಗ ಇನ್ನೊಂದು ಅಡ್ಡಹೆಸರಿನ ಕುಲುಮೆ ತಣ್ಣಗಾಗತೊಡಗಿತು. ಗೋಕಾಕದ ಜಲಪಾತದ ಬಳಿ ೧೮೮೦ರ ದಶಕದಲ್ಲೇ ನೂಲಿನ ಗಿರಣಿ ಎದ್ದಿತ್ತು. ೧೭೧ ಅಡಿ ಧುಮುಕುವ ನೀರು ಅದರ ಚಕ್ರಗಳನ್ನು ತಿರುಗಿಸುತ್ತಿತ್ತು. ಕಬ್ಬಿಣದ ಕೆಲಸ ಬಲ್ಲ ಕೈಗಳಿಗೆ ಇಂಥ ಗಿರಣಿಗಳಲ್ಲಿ ಫಿಟ್ಟರ್ ಎಂಬ ಹೊಸ ಹೆಸರು ಸಿಕ್ಕಿತು. ಅದು ಸಂಬಳದ ಪುಸ್ತಕದ ಹೆಸರು. ಅಡ್ಡಹೆಸರಾಗಿ ಬೇರು ಬಿಡಲಿಲ್ಲ.

ಕಸುಬು ಹೋಗಿ ಹೆಸರು ಉಳಿದದ್ದಕ್ಕೆ ಗೋಕಾಕದಲ್ಲಿ ಇನ್ನೂ ಮೋಜಿನ ಉದಾಹರಣೆಯಿದೆ. ಗೋಕಾಕದ ಬಣ್ಣದ ಗೊಂಬೆ, ಮರದ ಹಣ್ಣುಗಳು ಪ್ರಸಿದ್ಧ. ಮಾಡುವವರು ಜೀನಗಾರರು. ಜೀನ ಎಂದರೆ ಪಾರಸಿಯಲ್ಲಿ ಕುದುರೆಯ ತಡಿ. ತಡಿ ಹೊಲಿಯುವವರು ಎಂಬ ಹೆಸರು ಹೊತ್ತವರು ಮಾವು ಬಾಳೆಗಳನ್ನು ಕೆತ್ತಿ ಬಣ್ಣ ಹಾಕುತ್ತಾರೆ. ಕುದುರೆ ಎಂದೋ ಹೋಯಿತು, ತಡಿ ಮಾತ್ರ ಹೆಸರಿನಲ್ಲಿ ಕುಳಿತಿದೆ.

ಅಧಿಕಾರದ ಹೆಸರುಗಳಿಗೂ ಇದೇ ಗತಿಯಾಯಿತಲ್ಲ ಎಂದು ಕೇಳಬಹುದು. ೧೯೫೦ರಲ್ಲಿ ಮುಂಬಯಿ ಸರಕಾರ ಪರಗಣೆ ಮತ್ತು ಕುಲಕರ್ಣಿ ವತನಗಳನ್ನು ರದ್ದು ಮಾಡಿತು. ೧೯೬೧ರ ಶಾಸನದಿಂದ ಗೌಡಕಿ ಮೊದಲಾದ ಉಳಿದ ಗ್ರಾಮಾಧಿಕಾರಗಳೂ ಹೋದವು. ಆದರೂ ಪಾಟೀಲರು ಪಾಟೀಲರೇ, ಕುಲಕರ್ಣಿಯವರು ಕುಲಕರ್ಣಿಯವರೇ. ಒಂದು ಭೇದವನ್ನು ಮರೆಯಬಾರದು. ದೇಸಾಯರ ಮನೆಯಲ್ಲಿ ಸನದುಗಳಿವೆ, ವಾಡೆಗಳಿವೆ, ವಂಶಾವಳಿಗಳಿವೆ. ಹುಕ್ಕೇರಿ ತಾಲೂಕಿನ ಹಿಡಕಲ್ಲಿನಲ್ಲಿ ಘಟಪ್ರಭೆಗೆ ಕಟ್ಟಿದ ಅಣೆಕಟ್ಟಿಗೆ ವಂಟಮುರಿಯ ರಾಜಾ ಲಖಮಗೌಡ ಸರದೇಸಾಯಿಯವರ ಹೆಸರಿದೆ. ಕುಲಕರ್ಣಿಯವರ ಮಾಳಿಗೆಯಲ್ಲಿ ಮೋಡಿ ಲಿಪಿಯ ಕಟ್ಟುಗಳಿವೆ. ಚರಿತ್ರೆ ಬರೆಯುವವರು ಹುಡುಕಿಕೊಂಡು ಹೋಗುವುದು ಅಲ್ಲಿಗೇ. ಕಂಬಾರನ ಮನೆಯಲ್ಲಿ ಏನಿದೆ? ಅವನು ಮಾಡಿದ ಕುಳ ಸವೆದು ಮತ್ತೆ ಕುಲುಮೆಗೆ ಬಂದು ಇನ್ನೊಂದು ಕುಳವಾಯಿತು. ಹಳಿ ತುಕ್ಕು ಹಿಡಿಯಿತು. ಆಯದ ಕಾಳಿಗೆ ರಸೀದಿ ಇರಲಿಲ್ಲ. ಇಷ್ಟು ತಲೆಮಾರುಗಳು ಒಂದು ಊರನ್ನು ಉಳುವಂತೆ ಮಾಡಿದ್ದಕ್ಕೆ ಅವನ ಬಳಿ ಉಳಿದಿರುವ ಲಿಖಿತ ದಾಖಲೆ ಒಂದೇ, ಅವನ ಅಡ್ಡಹೆಸರು.

ಅದನ್ನೇ ಇಂದು ಬಿಡಬೇಕೆನ್ನುವವರು ಹಲವರಿದ್ದಾರೆ. ಅವರನ್ನು ತಪ್ಪೆನ್ನುವ ಅಧಿಕಾರ ನನಗಿಲ್ಲ. ಅಡ್ಡಹೆಸರು ಕೇಳಿದೊಡನೆ ಎದುರಿನವನ ಮುಖದಲ್ಲಿ ಲೆಕ್ಕವೊಂದು ಸುಳಿದು ಹೋಗುವುದನ್ನು ಪಾಟೀಲನಾದವನು ಸಂತೋಷದಿಂದ ನೋಡಬಹುದು. ಕಸುಬಿನ ಹೆಸರಿನವರಿಗೆ, ಅದಕ್ಕೂ ಹೆಚ್ಚಾಗಿ ಊರ ಹೊರಗೆ ಇಡಲ್ಪಟ್ಟವರಿಗೆ, ಆ ಲೆಕ್ಕದ ರುಚಿ ಬೇರೆ. ಬಸವಣ್ಣನವರು ಕೆಲಸದಿಂದ ಹೆಸರು ಬಂತೆಂದರು. ಇಲ್ಲಿ ಕೆಲಸ ಹೋಗಿ ನೂರು ವರ್ಷವಾದರೂ ಹೆಸರು ಹುಟ್ಟಿಗೇ ಅಂಟಿಕೊಂಡಿದೆ. ಆದ್ದರಿಂದ ಕೆಲವರು ವಿಶ್ವಕರ್ಮ ಎಂದು ಬರೆದುಕೊಳ್ಳುತ್ತಾರೆ, ಕೆಲವರು ಆಚಾರ್ಯರೆನ್ನುತ್ತಾರೆ, ಕೆಲವರು ತಂದೆಯ ಹೆಸರಿಗೇ ನಿಲ್ಲಿಸುತ್ತಾರೆ. ವಿಶ್ವಕರ್ಮನೆಂಬುದು ಗೌರವದ ಹೆಸರೇ ಸರಿ. ಆದರೆ ಅದರಲ್ಲಿ ಕಬ್ಬಿಣ, ಮರ, ಕಂಚು, ಕಲ್ಲು, ಬಂಗಾರ ಐದೂ ಕರಗಿ ಒಂದಾಗುತ್ತವೆ. ಕುಲುಮೆ ಯಾವ ಮನೆಯಲ್ಲಿತ್ತೆಂಬುದು ಮುಂದಿನವರಿಗೆ ತಿಳಿಯದು.

ಹುಕ್ಕೇರಿ ತಾಲೂಕಿನ ಘೋಡಗೇರಿಯಲ್ಲಿ ೧೯೩೭ರಲ್ಲಿ ಹುಟ್ಟಿದ ಚಂದ್ರಶೇಖರರು ಈ ಹೆಸರನ್ನು ಬಿಡಲಿಲ್ಲ. ಬಡತನದಲ್ಲಿ ಗೋಕಾಕದ ಸಾಲೆ ಕಲಿತು, 'ಜೋಕುಮಾರಸ್ವಾಮಿ'ಯಂಥ ನಾಟಕಗಳನ್ನು ಬರೆದು, ಹಂಪಿಯ ಕನ್ನಡ ವಿಶ್ವವಿದ್ಯಾಲಯದ ಮೊದಲ ಕುಲಪತಿಗಳಾಗಿ, ೨೦೧೦ರ ಜ್ಞಾನಪೀಠ ಪ್ರಶಸ್ತಿ ಪಡೆದಾಗ ದಿಲ್ಲಿಯವರೆಗೆ ಓದಲ್ಪಟ್ಟ ಹೆಸರು ಕಂಬಾರ. ಅವರಿಗಿಂತ ಇಪ್ಪತ್ತು ವರ್ಷ ಮುಂಚೆ, ೧೯೯೦ರ ಪ್ರಶಸ್ತಿ ಗೋಕಾಕರಿಗೆ ಸಂದಿತ್ತು. ಊರಿನ ಹೆಸರು ಹೊತ್ತವರು ಆ ಊರಿನಲ್ಲಿ ಹುಟ್ಟಿರಲಿಲ್ಲ. ಆ ಸೀಮೆಯಲ್ಲಿ ಹುಟ್ಟಿದವರ ಹೆಸರಿನಲ್ಲಿ ಊರಿರಲಿಲ್ಲ, ಕುಲುಮೆಯಿತ್ತು.

ಕುಲುಮೆಗಳು ಹಳ್ಳಿಗಳಲ್ಲಿ ಈಗ ಬಹಳ ಉಳಿದಿಲ್ಲ. ಆದರೆ ಆ ಸೀಮೆಯ ಹೆದ್ದಾರಿಗುಂಟ, ಕಬ್ಬಿನ ಗಾಡಿಗಳ ಹಾವಳಿಯ ನಡುವೆ, ಟ್ರ್ಯಾಕ್ಟರಿನ ಟ್ರೇಲರ್ ಕಟ್ಟುವ, ಮುರಿದ ಕೊಂಡಿ ಬೆಸೆಯುವ ವೆಲ್ಡಿಂಗ್ ಅಂಗಡಿಗಳಿವೆ. ತಿದಿಯ ಜಾಗದಲ್ಲಿ ವಿದ್ಯುತ್ತಿನ ಯಂತ್ರ, ರಾಶಿಯ ಆಯದ ಜಾಗದಲ್ಲಿ ರೊಕ್ಕ. ಹಲಗೆಯ ಮೇಲಿನ ಹೆಸರುಗಳನ್ನು ಓದುತ್ತ ಹೋದರೆ ಒಮ್ಮೊಮ್ಮೆ ಬಡಿಗೇರ ಎಂದಿರುತ್ತದೆ, ಒಮ್ಮೊಮ್ಮೆ ಲೋಹಾರ ಎಂದಿರುತ್ತದೆ, ಒಮ್ಮೊಮ್ಮೆ ಕಂಬಾರ.